ಕುರಿಚಿಯ ದೀಪದೆಣ್ಣೆ

ಕೊಯಮತ್ತೂರಿನ ಉಕ್ಕಡಂನಿಂದ ದಕ್ಷಿಣಕ್ಕೆ ಹೊರಟವರಿಗೆ ನೊಯ್ಯಲ್ ಹೊಳೆಯನ್ನು ದಾಟಿದೊಡನೆ ದಾರಿ ಎರಡಾಗುತ್ತದೆ. ಬಲಗಡೆಯದು ಪಾಲಕ್ಕಾಡಿಗೆ, ಎಡಗಡೆಯದು ಪೊಳ್ಳಾಚಿಗೆ. ಕವಲೊಡೆಯುವ ಜಾಗಕ್ಕೆ ಆತ್ತುಪ್ಪಾಲಂ ಎಂದು ಹೆಸರು. ಹೊಳೆಯ ಸೇತುವೆ ಎಂದೇ ಅದರ ಅರ್ಥ. 2024ರ ಆಗಸ್ಟಿನಲ್ಲಿ ಇಲ್ಲಿಯ ಮೇಲುಸೇತುವೆ ತೆರೆದ ಬಳಿಕ ಬಸ್ಸು ಹೊಳೆಯನ್ನು ದಾಟಿದ್ದು ಕುಳಿತವರ ಗಮನಕ್ಕೇ ಬರುವುದಿಲ್ಲ. ಎಡಗಡೆಯ ದಾರಿಯಲ್ಲಿ ಮೊದಲು ಸಿಗುವುದೇ ಕುರಿಚಿ. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದು, ಮುಂದೆ ಪುರಸಭೆಯಾಗಿ, 2011ರಲ್ಲಿ ಕೊಯಮತ್ತೂರು ಮಹಾನಗರದೊಳಗೆ ಸೇರಿಹೋಯಿತು. ಊರಿನ ಗುರುತಾಗಿ ಈಗ ಉಳಿದಿರುವುದು ಎರಡು: ಒಂದು ಅದರ ಕೆರೆ, ಇನ್ನೊಂದು ಪಂಪು, ಎರಕ, ಬಿಡಿಭಾಗಗಳ ಕಾರ್ಖಾನೆಗಳು ಸೇರಿರುವ ಸಿಡ್ಕೋ ಕೈಗಾರಿಕಾ ವಸಾಹತು.

ಈ ದಾರಿ ನಮ್ಮ ಓದುಗರಿಗೆ ಅಪರಿಚಿತವಲ್ಲ. ಇದು ಹಿಂದೆ 209ನೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ದಿಂಡುಕಲ್ಲಿನಿಂದ ಹೊರಟು ಪೊಳ್ಳಾಚಿ, ಕುರಿಚಿ, ಕೊಯಮತ್ತೂರು, ಸತ್ಯಮಂಗಲಗಳನ್ನು ಹಾದು, ಘಟ್ಟ ಹತ್ತಿ ಚಾಮರಾಜನಗರ, ಕೊಳ್ಳೇಗಾಲಗಳ ಮೇಲೆ ಬೆಂಗಳೂರನ್ನು ಮುಟ್ಟುತ್ತಿತ್ತು. ಈಗ ಅದನ್ನು ತುಂಡುಮಾಡಿ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಕೊಳ್ಳೇಗಾಲವಾದರೋ 1956ರ ನವೆಂಬರಿನ ತನಕ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಗಡಿ ಎಂಬುದು ಈ ಜನಕ್ಕೆ ಕಾಗದದ ಮೇಲೆ ಬಂದು ಎಪ್ಪತ್ತು ವರ್ಷವಾಗಿರಬಹುದು, ಅಷ್ಟೆ. ಮಗ್ಗವನ್ನು ಹೊತ್ತು ಘಟ್ಟ ಇಳಿದು ಬಂದ ಮನೆಗಳು ಅದಕ್ಕೂ ಹಿಂದಿನವು.

ಅಂಥದೊಂದು ಮನೆಯಲ್ಲಿ ಎಳೆಗೂಸಿನ ನಾಮಕರಣವಿತ್ತು. ಅದಕ್ಕಾಗಿ ನಾವು ಹೋದುದು. ಹಿಂದಿನ ದಿನವೇ ತಲುಪಿದ್ದರಿಂದ ಸಂಜೆಗೆ ಕೆರೆಯ ಕಡೆ ನಡೆದೆವು.

ಕುರಿಚಿ ಕೆರೆ ನೊಯ್ಯಲಿನ ನೀರನ್ನು ಅಣೆಕಟ್ಟು, ಕಾಲುವೆಗಳ ಮೂಲಕ ಹಂಚಿಕೊಂಡು ಬದುಕುತ್ತಿದ್ದ ಕೆರೆಗಳ ಸರಣಿಯಲ್ಲಿ ಒಂದು. ಏರಿಯನ್ನು ಈಗ ಅಚ್ಚುಕಟ್ಟಾಗಿ ಕಟ್ಟಿ, ನಡೆದಾಡುವ ಹಾದಿ ಮಾಡಿ, ದಡದಲ್ಲಿ ತಮಿಳು ಅಕ್ಷರಗಳನ್ನೇ ಜೋಡಿಸಿದ ತಿರುವಳ್ಳುವರ್ ಮೂರ್ತಿಯನ್ನು ನಿಲ್ಲಿಸಿದ್ದಾರೆ. 2009ರಲ್ಲಿ ಬೆಂಗಳೂರಿನಲ್ಲಿ ವಳ್ಳುವರನನ್ನೂ ಚೆನ್ನೈಯಲ್ಲಿ ನಮ್ಮ ಸರ್ವಜ್ಞನನ್ನೂ ಒಂದೇ ವಾರದೊಳಗೆ ನಿಲ್ಲಿಸಿದ್ದು ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ನಮ್ಮೊಡನೆ ಬಂದಿದ್ದ ಮನೆಯ ಅಜ್ಜಿ ಮೂರ್ತಿಯನ್ನು ನೋಡಲಿಲ್ಲ. ಆಕೆಯ ಕಣ್ಣು ನೀರಿನ ಅಂಚಿನಲ್ಲಿತ್ತು.

"ಮೊದಲು ಇಲ್ಲಿ ಪೊನ್ನಾಂಗಣ್ಣಿ ಮಡಿಲುಗಟ್ಟಲೆ ಸಿಗ್ತಿತ್ತು. ಈಗ ಕಿತ್ತರೂ ತಿನ್ನೋ ಹಾಗಿಲ್ಲ," ಎಂದರು.

ಪೊನ್ನಾಂಗಣ್ಣಿ ಎಂದರೆ ನಮ್ಮ ಹೊನಗೊನ್ನೆ ಸೊಪ್ಪು. ತೇವವಿದ್ದಲ್ಲಿ ತಾನಾಗಿ ಹಬ್ಬುವ ಬಳ್ಳಿ. ಕಣ್ಣಿಗೆ ಒಳ್ಳೆಯದೆಂದು ಘಟ್ಟದ ಮೇಲೂ ಕೆಳಗೂ ಹೆಂಗಸರು ಹೇಳುತ್ತ ಬಂದ ಸೊಪ್ಪು. ಪೇಟೆಯ ಕೊಳಚೆ ನೀರು ಕೆರೆಗಳಿಗೆ ಸೇರತೊಡಗಿದ ಮೇಲೆ ಅಂಚಿನ ಸೊಪ್ಪನ್ನು ಅಡುಗೆಗೆ ತರುವ ಧೈರ್ಯ ಯಾರಿಗೂ ಇಲ್ಲ. ಅಜ್ಜಿಯ ಮಾತು ಅಷ್ಟಕ್ಕೇ ನಿಂತಿದ್ದರೆ ಹಳಬರ ಎಂದಿನ ಹಳಹಳಿ ಎಂದುಕೊಂಡು ನಾವು ಮರೆತುಬಿಡುತ್ತಿದ್ದೆವೋ ಏನೋ. ಆದರೆ ಮನೆಗೆ ಮರಳುವಷ್ಟರಲ್ಲಿ ಮುಸ್ಸಂಜೆಯಾಗಿತ್ತು. ನಾಲ್ಕು ವರ್ಷದ ಮೊಮ್ಮಗ ಹೊಸ್ತಿಲಲ್ಲಿ ಎಡವಿ ಬಿದ್ದ. ಬಿದ್ದವನನ್ನು ಎತ್ತಿ ನಿಲ್ಲಿಸುವ ಮೊದಲು ಅಜ್ಜಿ ಅವನ ಗಲ್ಲ ಹಿಡಿದು, ಮುಖವನ್ನು ಬೀದಿದೀಪದ ಕಡೆ ತಿರುಗಿಸಿ, ಎರಡು ಕಣ್ಣುಗಳನ್ನೂ ದಿಟ್ಟಿಸಿ ನೋಡಿದರು. ಮಗು ಚಪ್ಪಲಿ ಸಿಕ್ಕಿಕೊಂಡು ಬಿದ್ದಿತ್ತೆಂಬುದು ಎಲ್ಲರಿಗೂ ಕಂಡಿತ್ತು.

ರಾತ್ರಿ ಊಟವಾದ ಮೇಲೆ ಆ ನೋಟದ ಹಿಂದಿನ ಕಥೆ ತಿಳಿಯಿತು. ಎಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಅಜ್ಜಿಯ ತವರು ಸತ್ಯಮಂಗಲದ ಕಡೆಯ ನೇಕಾರರ ಕೇರಿ. ಮಳೆ ಕೈಕೊಟ್ಟ ವರ್ಷ. ನೂಲೂ ಇಲ್ಲ, ಕೂಲಿಯೂ ಇಲ್ಲ. ರಾಗಿಯ ಗಂಜಿ, ಉಪ್ಪು, ಹುಣಿಸೆಯ ನೀರು. ಹಸು ಮಾರಿಯಾಗಿತ್ತು. ಮೂರು ವರ್ಷದ ತಮ್ಮ ಸಂಜೆಯಾದೊಡನೆ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡವುತ್ತಿದ್ದ. "ತುಂಟತನ ಮಾಡ್ತಾನೆ ಅಂತ ಅವ್ವ ಹೊಡೆದಳು. ನಾನೂ ನಗಾಡಿದೆ," ಎಂದರು ಅಜ್ಜಿ. ಆ ಮೇಲೆ ಕೇರಿಗೆ ದಡಾರ ಬಂತು. ದಡಾರ ಇಳಿಯಿತು, ಕಣ್ಣು ಹೋಯಿತು. ಕಪ್ಪುಗುಡ್ಡೆ ಮೊದಲು ಒಣಗಿ ಮಂಕಾಗಿ, ಬಳಿಕ ಬೆಳ್ಳಗೆ ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಎಲ್ಲ ಮುಗಿದಿತ್ತು. ಮಗುವೂ ಆ ಬೇಸಗೆಯನ್ನು ದಾಟಲಿಲ್ಲ.

ಅಜ್ಜಿ ವೈದ್ಯಶಾಸ್ತ್ರ ಓದಿದವರಲ್ಲ. ಆದರೆ ಆಕೆ ಹೇಳಿದ ಕ್ರಮ ಶಾಸ್ತ್ರದಲ್ಲಿ ಬರೆದ ಕ್ರಮವೇ. ಎ ಜೀವಸತ್ವದ ಕೊರತೆಯ ಮೊದಲ ಲಕ್ಷಣ ಇರುಳುಗುರುಡು. ತಮಿಳಿನವರು ಇದನ್ನು ಮಾಲೈಕ್ಕಣ್ ಎನ್ನುತ್ತಾರೆ, ಸಂಜೆಗಣ್ಣು ಎಂದು ಅರ್ಥ. ಮಂದಬೆಳಕಿನಲ್ಲಿ ನೋಡಲು ಕಣ್ಣಿನ ಪರದೆಗೆ ಬೇಕಾದ ದ್ರವ್ಯ ಈ ಜೀವಸತ್ವದಿಂದಲೇ ಆಗಬೇಕು. ಕೊರತೆ ಮುಂದುವರಿದರೆ ಕಣ್ಣಿನ ತೇವ ಆರುತ್ತದೆ, ಬಿಳಿಯ ಭಾಗದಲ್ಲಿ ನೊರೆಯಂಥ ಮಚ್ಚೆ ಕಾಣುತ್ತದೆ, ಕೊನೆಗೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯೇ ಕರಗುತ್ತದೆ. ದಡಾರ ಬಂದರೆ ಮೈಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಸಂಗ್ರಹವೂ ಬರಿದಾಗಿ, ತಿಂಗಳುಗಳಲ್ಲಿ ಆಗಬಹುದಾದದ್ದು ದಿನಗಳಲ್ಲಿ ಆಗಿಬಿಡುತ್ತದೆ. ಈ ಜೀವಸತ್ವ ಕಣ್ಣಿಗಷ್ಟೇ ಅಲ್ಲ. ಕರುಳಿನ, ಶ್ವಾಸನಾಳದ ಒಳಪೊರೆಗೂ ಬೇಕು. ಆದುದರಿಂದ ಕಣ್ಣು ಹೋದ ಮಗು ಬೇಧಿಗೋ ಜ್ವರಕ್ಕೋ ತುತ್ತಾಗುವುದು ಕಾಕತಾಳೀಯವಲ್ಲ.

ಮರುದಿನ ನಾಮಕರಣ. ಬೆಳಗಿನ ಜಾವವೇ ಮನೆಯ ಸೊಸೆ ದೇವರ ಮುಂದೆ ಎರಡು ದೊಡ್ಡ ದೀಪಗಳನ್ನು ಹಚ್ಚಿ, ಪೊಟ್ಟಣವೊಂದರ ಮೂಲೆಯನ್ನು ಕತ್ತರಿಸಿ ಎಣ್ಣೆ ಸುರಿಯುತ್ತಿದ್ದಳು. ಯಾವ ಎಣ್ಣೆಯಮ್ಮಾ ಎಂದು ಕೇಳಿದೆವು.

"ರೇಷನ್ ಪಾಮಾಯಿಲ್, ಮಾಮ. ಅಡುಗೆಗೆ ನಾವು ಚೆಕ್ಕಿನ ಕಡಲೆಕಾಯಿ ಎಣ್ಣೆ ತರ್ತೀವಿ. ಇದು ದೀಪಕ್ಕೆ, ಯಾವಾಗಾದರೂ ಬಜ್ಜಿಗೆ."

ಪೊಟ್ಟಣವನ್ನು ತೆಗೆದುಕೊಂಡು ನೋಡಿದೆವು. ಒಂದು ಬದಿಯಲ್ಲಿ ನೀಲಿ ಬಣ್ಣದ ಸಣ್ಣ ಗುರುತು, ಎಫ್ ಅಕ್ಷರದ ಜೊತೆಗೆ ಕೂಡಿಸುವ ಚಿಹ್ನೆ. ಎ ಮತ್ತು ಡಿ ಜೀವಸತ್ವಗಳನ್ನು ಸೇರಿಸಿದ ಸಾರವರ್ಧಿತ ಎಣ್ಣೆ ಎಂಬುದಕ್ಕೆ ಅದು ಗುರುತು. ಕಣ್ಣಿಗೆಂದು ಸೇರಿಸಿದ ಸತ್ತ್ವ ಬತ್ತಿಯ ತುದಿಯಲ್ಲಿ ಉರಿಯುತ್ತಿತ್ತು. ಅದರೆದುರು ಕೈಮುಗಿದು ಕುಳಿತಿದ್ದವರು ತಮ್ಮನ ಕಣ್ಣನ್ನು ಕಳೆದುಕೊಂಡ ಅಕ್ಕ.

ತಮಿಳುನಾಡಿನ ಪಡಿತರ ಅಂಗಡಿಗಳಲ್ಲಿ 2007ರಿಂದ ತೊಗರಿಬೇಳೆಯ ಜೊತೆಗೆ ಪಾಮೋಲಿನ್ ಎಣ್ಣೆಯನ್ನೂ ಅಗ್ಗದ ಬೆಲೆಗೆ ಕೊಡುತ್ತ ಬಂದಿದ್ದಾರೆ. ಕಾರ್ಡಿಗೆ ತಿಂಗಳಿಗೊಂದು ಲೀಟರು, 25 ರೂಪಾಯಿ. ಈ ಎಣ್ಣೆಯ ಬಗ್ಗೆ ಜನರಿಗೆ ಗೌರವ ಕಡಮೆ. ಅಗ್ಗವಾದದ್ದು ಕೀಳು ಎಂಬ ಎಣಿಕೆ ಒಂದು. ಗಾಣದ ಎಣ್ಣೆಯೇ ಶುದ್ಧವೆಂಬ ನಂಬಿಕೆ ಇನ್ನೊಂದು. ಕೊಯಮತ್ತೂರಿನಲ್ಲಂತೂ ಮರದ ಚೆಕ್ಕಿನ ಎಣ್ಣೆಯ ಫಲಕವಿಲ್ಲದ ಬಡಾವಣೆಯನ್ನು ನಾವು ಕಾಣಲಿಲ್ಲ. ಗಾಣದ ಎಣ್ಣೆಯ ಕಂಪು ನಮಗೂ ಪ್ರಿಯವೇ. ಆದರೆ ಕಡಲೆಕಾಯಿ ಎಣ್ಣೆಯಲ್ಲಾಗಲಿ ಎಳ್ಳೆಣ್ಣೆಯಲ್ಲಾಗಲಿ ಸಹಜವಾಗಿ ಎ ಜೀವಸತ್ವವಿಲ್ಲ. ಬಿಡಿಯಾಗಿ ಅಳೆದು ಮಾರುವ ಎಣ್ಣೆಗೆ ಅದನ್ನು ಸೇರಿಸುವವರೂ ಇಲ್ಲ.

ತಾಳೆ ಎಣ್ಣೆಯ ಕಥೆಯೇ ಬೇರೆ, ಸ್ವಲ್ಪ ವಿಚಿತ್ರವೂ ಹೌದು. ಹಣ್ಣಿನಿಂದ ಹಿಂಡಿದಾಗ ಅದು ಕಡುಕೆಂಪು. ಕ್ಯಾರಟ್ಟಿಗೂ ಮಾವಿಗೂ ಬಣ್ಣ ಕೊಡುವ ಕ್ಯಾರೊಟೀನ್ ಅದರಲ್ಲಿ ಕಿಲೋವಿಗೆ ಅರ್ಧ ಗ್ರಾಮಿಗೂ ಮಿಗಿಲಾಗಿರುತ್ತದೆ; ನಮ್ಮ ಮೈ ಈ ಕ್ಯಾರೊಟೀನನ್ನೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಬಲ್ಲದು. ಅಡುಗೆಮನೆ ಕೆಂಪೆಣ್ಣೆಯನ್ನು ಒಪ್ಪುವುದಿಲ್ಲವೆಂದು ಕಾರ್ಖಾನೆಯಲ್ಲಿ ಬಣ್ಣ ತೆಗೆದು, ವಾಸನೆ ತೆಗೆದು, ತಿಳಿಹಳದಿ ಮಾಡುತ್ತಾರೆ. ಕ್ಯಾರೊಟೀನು ಹೋಗುತ್ತದೆ. ಆಮೇಲೆ ಕಾನೂನಿನಂತೆ ಗ್ರಾಮಿಗೆ ಇಷ್ಟು ಎಂದು ಎ ಜೀವಸತ್ವವನ್ನು ಅಳೆದು ಸೇರಿಸಿ ನೀಲಿ ಗುರುತು ಒತ್ತುತ್ತಾರೆ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿ, ಆ ಮೇಲೆ ಸತ್ತ್ವದ ಕಾಳು ಬೆರೆಸುವ ಜಾಣತನಕ್ಕೆ ಇದು ಒಡಹುಟ್ಟು.

ಈ ಕೆಂಪೆಣ್ಣೆಗೂ ಕುರಿಚಿಯ ಸುತ್ತಿನ ನೆಲಕ್ಕೂ ಹಳೆಯ ನಂಟಿದೆ. ಮೋಡವಿಲ್ಲದ ದಿನ ಕೊಯಮತ್ತೂರಿನಿಂದ ವಾಯವ್ಯಕ್ಕೆ ನೋಡಿದರೆ ನೀಲಗಿರಿ ಕಾಣುತ್ತದೆ. ಮೆಟ್ಟುಪಾಳ್ಯದ ಮೇಲೆ ಹತ್ತಿದರೆ ಕೂನೂರು. ಅಲ್ಲಿಯ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಆಹಾರದ ಕೊರತೆಯ ರೋಗಗಳ ವಿಚಾರಣೆ ತೊಡಗಿದರು. ಅದೇ ಬೆಳೆದು ಪೋಷಣ ಸಂಶೋಧನಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಮೆಕ್ಯಾರಿಸನ್ನರ ಬಳಿಕ ಬಂದ ಆಕ್ರಾಯ್ಡ್, ಮದರಾಸಿನ ಕಣ್ಣಾಸ್ಪತ್ರೆಯ ರೈಟ್ ಅವರೊಡನೆ ಸೇರಿ, ಕಪ್ಪುಗುಡ್ಡೆ ಕರಗುವ ಈ ಬೇನೆಗೆ ಕೆಂಪು ತಾಳೆ ಎಣ್ಣೆಯ ಚಿಕಿತ್ಸೆಯನ್ನು ಕುರಿತು 1937ರಲ್ಲಿ ಬರೆದರು. ಅಜ್ಜಿಯ ತಮ್ಮ ಹುಟ್ಟುವುದಕ್ಕೂ ಮೊದಲು, ಆ ಕೇರಿಯಿಂದ ಒಂದು ದಿನದ ಪಯಣದಷ್ಟು ದೂರದಲ್ಲಿ, ಏನು ಕೊಟ್ಟರೆ ಕಣ್ಣು ಉಳಿದೀತೆಂಬುದು ತಿಳಿದಿತ್ತು. ತಿಳಿವಳಿಕೆ ಬೆಟ್ಟ ಇಳಿದು ಕೇರಿಗೆ ಬರಲಿಲ್ಲ.

ತಿಳಿವಳಿಕೆ ತಟ್ಟೆಗೆ ಬರುವ ದಾರಿಗಳು ಹಲವು. ಡೆನ್ಮಾರ್ಕಿನಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಬೆಣ್ಣೆಯೆಲ್ಲ ಹೊರದೇಶಕ್ಕೆ ಮಾರಾಟವಾಗಿ, ಬಡವರ ಮಕ್ಕಳಿಗೆ ಕೆನೆ ತೆಗೆದ ಹಾಲಷ್ಟೇ ಉಳಿದಿತ್ತು; ಎ ಜೀವಸತ್ವ ಕೆನೆಯೊಡನೆಯೇ ಹೋಗುತ್ತದೆ. ಮಕ್ಕಳ ವೈದ್ಯ ಬ್ಲಾಕ್ ಕಣ್ಣು ಒಣಗಿದ ಎಳೆಯರನ್ನು ಸಾಲುಸಾಲಾಗಿ ಕಂಡರು. ಯುದ್ಧದ ದಿಗ್ಬಂಧನದಿಂದ ಬೆಣ್ಣೆಯ ರಫ್ತು ನಿಂತು, ಅದು ಪಡಿತರವಾಗಿ ಮನೆಮನೆಗೆ ಬಂದೊಡನೆ ಬೇನೆ ಇಳಿಯಿತು. ಗ್ವಾಟೆಮಾಲದಲ್ಲಿ ಬಡವ ಬಲ್ಲಿದರೆಲ್ಲ ತಿನ್ನುವುದು ಸಕ್ಕರೆ ಎಂದು ಕಂಡು, ಸಕ್ಕರೆಗೇ ಎ ಜೀವಸತ್ವ ಬೆರೆಸುವ ಕಾನೂನನ್ನು 1974ರಲ್ಲಿ ಮಾಡಿದರು. ನಮ್ಮ ದೇಶದಲ್ಲಿ 1953ರಿಂದಲೇ ವನಸ್ಪತಿಗೆ ಇದನ್ನು ಸೇರಿಸುವುದು ಕಡ್ಡಾಯ. ಡಾಲ್ಡಾ ಡಬ್ಬಿಯನ್ನು ಮೂದಲಿಸುತ್ತಿದ್ದ ಕಾಲದಲ್ಲಿ ಆ ಒಂದು ಗುಣವನ್ನು ಎಷ್ಟು ಮಂದಿ ಬಲ್ಲವರಿದ್ದರೋ!

1970ರಲ್ಲಿ ಬಂದದ್ದು ದೊಡ್ಡ ಪ್ರಮಾಣದ ಹನಿಮದ್ದು. ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಚಮಚೆಯಲ್ಲಿ ಕೊಡುವಂಥದು. ಅದು ಇಂದಿಗೂ ನಡೆದಿದೆ, ಅಸಂಖ್ಯ ಕಣ್ಣುಗಳನ್ನು ಕಾಯ್ದಿದೆ. ಆದರೆ ಸಾರವರ್ಧನೆಯ ಬಗ್ಗೆ ಯೋಚಿಸುವಾಗ ನಮಗೆ ಹೆಚ್ಚು ಮುಖ್ಯವೆನಿಸುವುದು ತಿರುಚಿರಾಪಳ್ಳಿಯ ಪ್ರಯೋಗ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗದ ಲಕ್ಷ್ಮೀ ರಹಮತುಲ್ಲಾ ಮತ್ತು ಸಂಗಡಿಗರು ಆ ಜಿಲ್ಲೆಯ ಹದಿನೈದು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಅರ್ಧದಷ್ಟು ಮಕ್ಕಳಿಗೆ ವಾರಕ್ಕೊಮ್ಮೆ, ಊಟದಿಂದಲೇ ದೊರೆಯಬಹುದಾದಷ್ಟು ಚಿಕ್ಕ ಪ್ರಮಾಣದಲ್ಲಿ, ಎ ಜೀವಸತ್ವ ಕೊಟ್ಟರು. 1990ರಲ್ಲಿ ಫಲ ಪ್ರಕಟವಾಯಿತು: ಆ ಗುಂಪಿನಲ್ಲಿ ಸಾವು ಶೇಕಡ 54ರಷ್ಟು ಕಡಮೆ. ಮುಂದಿನ ಎಲ್ಲ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂತರ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಸ್ವಲ್ಪವನ್ನು ತಪ್ಪದೆ ಕೊಡುವುದರ ಬೆಲೆ ಏನೆಂಬುದು ಅಲ್ಲಿ ತಿಳಿಯಿತು. ಅಡುಗೆಯ ಎಣ್ಣೆ ಮಾಡಬಹುದಾದದ್ದೂ ಅದನ್ನೇ.

ಈಗಿನ ನಿಯಮಗಳು 2018ರವು. ಎಣ್ಣೆಗೆ ಸೇರಿಸುವುದಾದರೆ ಗ್ರಾಮಿಗೆ 6ರಿಂದ 9.9 ಮೈಕ್ರೋಗ್ರಾಂ ಎ ಜೀವಸತ್ವ ಇರಬೇಕು; ಹಾಲಿಗಾದರೆ ಲೀಟರಿಗೆ 270ರಿಂದ 450. ನಾವು ಸೊಸೆಯ ಅಡುಗೆಮನೆಯಲ್ಲೇ ಕುಳಿತು ಲೆಕ್ಕ ಹಾಕಿದೆವು. ಒಂದು ಲೀಟರು ಎಣ್ಣೆಯ ತೂಕ ಸುಮಾರು 910 ಗ್ರಾಂ. ನಾಲ್ವರ ಮನೆಯಲ್ಲಿ ಅದನ್ನೇ ತಿಂಗಳೆಲ್ಲ ಬಳಸಿದರೆ ತಲೆಗೆ ದಿನಕ್ಕೆ ಎಂಟು ಗ್ರಾಮಿಗೂ ಕಡಮೆ. ಅದರಲ್ಲಿ ದೊರೆಯುವುದು 45ರಿಂದ 75 ಮೈಕ್ರೋಗ್ರಾಂ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕೆಂದು ಹೈದರಾಬಾದಿನ ಸಂಸ್ಥೆ 2020ರಲ್ಲಿ ಹೇಳಿದ್ದು 510. ಎಂದರೆ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ. ಸೊಸೆ ಪಕ್ಕನೆ ಕೇಳಿದಳು: "ಇಷ್ಟಕ್ಕೇನಾ ಮಾಮ ಇಷ್ಟೊಂದು ಮಾತು?"

ಪ್ರಶ್ನೆ ನ್ಯಾಯವಾದದ್ದೇ. ಎಣ್ಣೆ ಕಾವಲುಗಾರನೇ ಹೊರತು ಊಟವಲ್ಲ. ದೇಶದಾದ್ಯಂತ 2016ರಿಂದ 18ರವರೆಗೆ ನಡೆದ ಮಕ್ಕಳ ಪೋಷಣೆಯ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದವರ ಪೈಕಿ ಶೇಕಡ 18 ಮಂದಿಗೂ, ಐದರಿಂದ ಒಂಬತ್ತರವರ ಪೈಕಿ ಶೇಕಡ 22 ಮಂದಿಗೂ ರಕ್ತದಲ್ಲಿ ಈ ಜೀವಸತ್ವ ಕಡಮೆ ಇತ್ತು. ಹನಿಮದ್ದು ನಿಲ್ಲುವುದು ಐದಕ್ಕೆ. ಆ ಬಳಿಕ ಮಗುವನ್ನು ಕಾಯುವುದು ತಟ್ಟೆಯೊಂದೇ. ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದೂಟದೊಡನೆ 2010ರಿಂದ ವಾರಕ್ಕೆ ಐದು ಮೊಟ್ಟೆ ಕೊಡುತ್ತಾರೆ. ಮೊಟ್ಟೆಯ ಹಳದಿಯಲ್ಲಿರುವುದು ಸಿದ್ಧವಾದ ಎ ಜೀವಸತ್ವವೇ. ಆದರೆ ನಮ್ಮ ಬಳಗದ ಅನೇಕ ಮನೆಗಳು ಮೊಟ್ಟೆ ಮುಟ್ಟುವುದಿಲ್ಲ, ಈ ಮನೆಯೂ ಅಂಥದೇ. ಅಲ್ಲಿಗೆ ಉಳಿಯುವುದು ಹಾಲು, ಹಣ್ಣು, ಸೊಪ್ಪು.

ಸೊಪ್ಪಿನ ಮಾತು ಬಂದೊಡನೆ ಅಜ್ಜಿಗೆ ಹುರುಪು ಬಂತು. ಹಿತ್ತಿಲಲ್ಲಿ ನುಗ್ಗೆಯ ಮರವಿತ್ತಂತೆ. ಕಾರು ನಿಲ್ಲಿಸಲು ಜಾಗ ಬೇಕೆಂದು ಮೂರು ವರ್ಷದ ಹಿಂದೆ ಕಡಿದರಂತೆ. ಪೋಷಣ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ನೂರು ಗ್ರಾಂ ಕ್ಯಾರಟ್ಟಿಗೆ 1890 ಮೈಕ್ರೋಗ್ರಾಂ ಕ್ಯಾರೊಟೀನ್ ಎಂದಿದ್ದರೆ ನುಗ್ಗೆಸೊಪ್ಪಿಗೆ 6780 ಎಂದಿದೆ. ಅಗಸೆ, ದಂಟು, ಕೊತ್ತಂಬರಿ, ಕರಿಬೇವುಗಳೂ ಆ ಮೇಲಿನ ಸಾಲಿನವೇ. ಆದರೆ ಎಲೆಯೊಳಗಿನ ಕ್ಯಾರೊಟೀನು ಸುಲಭವಾಗಿ ಕೈಗೆ ಸಿಗುವುದಲ್ಲ. ಹನ್ನೆರಡು ಪಾಲು ಕ್ಯಾರೊಟೀನ್ ತಿಂದರೆ ಒಂದು ಪಾಲು ಎ ಜೀವಸತ್ವ ಎಂಬುದು ಈಗ ಹಲವರು ಒಪ್ಪುವ ಎಣಿಕೆ. ಬರಿಯ ಎಲೆಯಾದರೆ ಇನ್ನೂ ಕಡಮೆ ಎನ್ನುವವರಿದ್ದಾರೆ. ಅದು ಮೈಗೆ ಹತ್ತಬೇಕಾದರೆ ಜಿಡ್ಡು ಬೇಕೇಬೇಕು. ಒಗ್ಗರಣೆ ಕಾಣದ ಸೊಪ್ಪಿನ ಸಾರು ಹೊಟ್ಟೆ ತುಂಬಿಸೀತು, ಕಣ್ಣಿಗೆ ಅಷ್ಟಾಗಿ ದಕ್ಕದು. ಅಜ್ಜಿಯ ತವರಿನ ಆ ವರ್ಷದಲ್ಲಿ ಸೊಪ್ಪೂ ಒಣಗಿತ್ತು, ಎಣ್ಣೆಯೂ ಇರಲಿಲ್ಲ.

ಹೀಗಾಗಿ ರೇಷನ್ನಿನ ಎಣ್ಣೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಮಾಡಿದರೆ ಎಣ್ಣೆ ಎರಡು ಕೆಲಸ ಮಾಡಿದಂತೆ: ತನ್ನ ಪಾಲನ್ನು ಕೊಡುತ್ತದೆ, ಸೊಪ್ಪಿನ ಪಾಲನ್ನು ಒಳಕ್ಕೆ ಕರೆದೊಯ್ಯುತ್ತದೆ. ಬಜ್ಜಿಗೆ ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಸೇರಿಸಿದ ಜೀವಸತ್ವ ಸುಟ್ಟುಹೋಗುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಪೊಟ್ಟಣ ಇಟ್ಟರೂ ಕೆಡುತ್ತದೆ. ಸೊಸೆಯ ಪೊಟ್ಟಣಗಳೆಲ್ಲ ಇದ್ದುದು ಕಿಟಕಿಯಲ್ಲೇ.

ಸೊಸೆಯ ಗಂಡ ಸಿಡ್ಕೋದ ಪಂಪು ಕಾರ್ಖಾನೆಯಲ್ಲಿ ಕೆಲಸದಲ್ಲಿರುವಾತ, ಲೆಕ್ಕದ ಮನುಷ್ಯ. ಅವನದೊಂದು ಆಕ್ಷೇಪ: ಎಣ್ಣೆಯಲ್ಲೂ ಹಾಲಿನಲ್ಲೂ ಹನಿಮದ್ದಿನಲ್ಲೂ ಸೇರಿಸುತ್ತ ಹೋದರೆ ಅತಿಯಾಗದೇ? ಈ ಶಂಕೆ ಬಲ್ಲವರಲ್ಲೂ ಇದೆ. ಸಿದ್ಧರೂಪದ ಎ ಜೀವಸತ್ವ ಅತಿಯಾದರೆ ವಿಷವೇ, ಅದರಲ್ಲೂ ಗರ್ಭಿಣಿಯರಿಗೆ. ವೈದ್ಯರನ್ನು ಕೇಳದೆ ಗುಳಿಗೆ ನುಂಗುವುದು ಸಲ್ಲದು. ಎಣ್ಣೆಯ ಪ್ರಮಾಣ ನಾವು ಲೆಕ್ಕ ಹಾಕಿದಷ್ಟೇ ಚಿಕ್ಕದು; ಸೊಪ್ಪಿನದಾದರೋ ಮೈ ತನಗೆ ಬೇಕಾದಷ್ಟನ್ನೇ ಮಾರ್ಪಡಿಸಿಕೊಳ್ಳುತ್ತದೆ. ಅವನು ಒಪ್ಪಿದಂತೆ ತಲೆಯಾಡಿಸಿದ. ನುಗ್ಗೆಯ ಮರ ಕಡಿಸಿದವನೂ ಅವನೇ ಆದ್ದರಿಂದ ಹೆಚ್ಚು ವಾದಿಸಲಿಲ್ಲ.

ಮಧ್ಯಾಹ್ನ ಹೆಸರಿಟ್ಟಾಯಿತು, ಹಣ್ಣು, ಕೋಸಂಬರಿ, ಹೋಳಿಗೆ, ಊಟ. ಸಂಜೆ ನಾವು ಹೊರಡುವ ಹೊತ್ತಿಗೆ ಸೊಸೆ ಮತ್ತೆ ದೀಪಕ್ಕೆ ಎಣ್ಣೆ ಹಾಕಲು ಬಂದಳು. ಕೈಯಲ್ಲಿ ಅದೇ ಪೊಟ್ಟಣ. ಅಜ್ಜಿ ಅವಳ ಕೈ ಹಿಡಿದು ತಡೆದರು.

"ಅದು ಒಳಗಿರಲಿ. ದೀಪಕ್ಕೆ ನಲ್ಲೆಣ್ಣೆ ಹಾಕು."

"ನಲ್ಲೆಣ್ಣೆ ಏನು ಬೆಲೆ ಗೊತ್ತಾ ಅಜ್ಜಿ?"

"ಎರಡು ದೀಪ ಬೇಡ. ಒಂದೇ ಹಚ್ಚು."

ಸೊಸೆ ನಮ್ಮ ಕಡೆ ನೋಡಿ ನಕ್ಕು, ಪೊಟ್ಟಣದ ಬಾಯನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಒಳಗೆ ಹೋದಳು. ಅದನ್ನು ಕಪಾಟಿನಲ್ಲಿಟ್ಟಳೋ ಮತ್ತೆ ಕಿಟಕಿಯಲ್ಲೇ ಇಟ್ಟಳೋ ನಾವು ನೋಡಲಿಲ್ಲ. ಉಕ್ಕಡಂ ಕಡೆಯ ಬಸ್ಸು ಬಂದಿತ್ತು.